ಎಡಗಡೆಯ ಹೊಸ ಪಟ್ಟಿ

ರಾಜೇಸಾಬನ ಬರಿಗಾಲು ಬ್ರೇಕಿನ ಮೇಲೆ ಇಳಿಯಿತು, ಲಾರಿಯ ಮೂತಿ ಎಡಕ್ಕೆ ಸರಿಯಿತು, ಒಂದು ಗೇಣು ಇರಬಹುದು, ಗೇಣೂ ಇಲ್ಲವೇನೋ, ಮುಂದಿದ್ದ ಆಡುಗಳು ದಾಟಿ ಹೋದವು, ಕಾಲು ಮೇಲೆ ಬಂತು, ಮೂತಿ ನೆಟ್ಟಗಾಯಿತು — ತಾನೇ ನೆಟ್ಟಗಾಯಿತೋ ಅವನು ಸ್ಟೇರಿಂಗು ತಿರುವಿ ನೆಟ್ಟಗೆ ಮಾಡಿದನೋ, ನಾನು ಅವನ ಕೈ ನೋಡಲೇ ಇಲ್ಲ, ಕಾಲು ನೋಡುತ್ತಿದ್ದೆ. ಲಾರಿ ಹತ್ತುವಾಗ ಚಪ್ಪಲಿ ಬಿಚ್ಚಿ ಸೀಟಿನ ಕೆಳಗಿಡುವ ಮನುಷ್ಯ, ಮನೆಯೊಳಗೆ ಬಂದ ಹಾಗೆ, ಬರಿಗಾಲಿಗೇ ಗಾಡಿಯ ಗುಟ್ಟು ತಿಳಿಯುತ್ತದೆ ಅನ್ನುತ್ತಾನೆ, ಹಾಗಾದರೆ ಈಗ ಏನು ತಿಳಿಯಿತೋ ಅವನಿಗೆ, ಮುಖ ನೋಡಿದರೆ ಗೊತ್ತಾಗುವುದಿಲ್ಲ, ಆರಿದ ಬೀಡಿ ಕಚ್ಚಿಕೊಂಡು ರಸ್ತೆ ನೋಡುತ್ತಿದ್ದಾನೆ. ರಸ್ತೆಯೇ ಎಡಕ್ಕೆ ವಾಲಿದೆ, ಹೌದು, ಸಿಂಧನೂರು ಬಿಟ್ಟ ಮೇಲೆ ಈ ರಸ್ತೆಯೆಲ್ಲ ಹೀಗೇ, ಎರೆ ಮಣ್ಣು ಕುಸಿದು ಒಂದು ಮಗ್ಗುಲು ತಗ್ಗು, ನೀರು ಚೆಲ್ಲಿದರೆ ಎಡಕ್ಕೇ ಹರಿಯುತ್ತದೆ, ಲಾರಿ ಹರಿಯದೆ ಇರುತ್ತದೆಯೇ. ರಸ್ತೆಯದೇ ತಪ್ಪು. ಹಿಂದೆ ಹತ್ತಿಯ ಅಂಡಿಗೆ ಮೂಟೆಗಳ ಮೇಲೆ ಮಗಳು ಗಾಳೆಮ್ಮ ನಗುತ್ತಿದ್ದಾಳೆ, ಏಳು ತಿಂಗಳ ಬಸುರಿ, ಪಕ್ಕದಲ್ಲಿ ಅವಳ ಅವ್ವ, ನನ್ನ ಹೆಂಡತಿ ಶೇಖರಮ್ಮ; ನಿನ್ನೆ ತುರ್ವಿಹಾಳದಲ್ಲಿ ಬೀಗರ ಮನೆಯಲ್ಲಿ ಕುಬುಸದ ಶಾಸ್ತ್ರ ಆಯಿತು, ಇವತ್ತು ಚೊಚ್ಚಲ ಹೆರಿಗೆಗೆಂದು ಲಿಂಗಸುಗೂರಿಗೆ ಕರೆದೊಯ್ಯುತ್ತಿದ್ದೇವೆ. ಬಂಡಿ ಕಟ್ಟಿಸ್ರಿ, ಎರಡು ದಿನ ಆದ್ರ ಆಗ್ಲಿ ಅಂದಿದ್ದಳು ಶೇಖರಮ್ಮ, ಒಮ್ಮೆ ಅಲ್ಲ, ನಾಲ್ಕು ಸಲ ಅಂದಿದ್ದಳು. ನಾನು ಬೀಗರ ಪಡಸಾಲೆಯಲ್ಲಿ ಎಲ್ಲರೆದುರು ಎದೆ ಮುಂದೆ ಮಾಡಿ, ಬ್ರೇಕಿಗೆ ಕೈ ಹಚ್ಚಿದಾಂವ ನಾನ, ನನ್ನ ಮಗಳು ನನ್ನ ಲಾರ್ಯಾಗ ಬರ್ತಾಳ ಅಂದೆ, ನನ್ನ ಲಾರಿ ಅಂತೆ, ಸಾಹುಕಾರರ ಲಾರಿ ನನ್ನದು ಯಾವಾಗ ಆಯಿತೋ, ಬಾಯಿಗೆ ಬಂದದ್ದು ಅಂದುಬಿಡುವುದು, ಆಮೇಲೆ ಕಾಲು ನೋಡುತ್ತಾ ಕೂರುವುದು.

ಅಲ್ಲ, ಆಡು ಬಂದಾಗ ಮಾತ್ರ ಸರಿದದ್ದಲ್ಲ. ಸಿಂಧನೂರಿನ ಅಗಸೆ ಬಾಗಿಲ ಹತ್ತಿರವೂ ಸರಿದಿತ್ತು. ಕಾಲು ಇಳಿಯಿತು, ಮೂತಿ ಎಡಕ್ಕೆ. ಅಲ್ಲಿ ರಸ್ತೆ ಸಮ ಇತ್ತಲ್ಲ — ಇತ್ತೋ ಇಲ್ಲವೋ, ಕಲ್ಲು ಹಾಸಿದ್ದು ನೆನಪಿದೆ, ವಾಲಿದ್ದು ನೆನಪಿಲ್ಲ. ಇದೆಲ್ಲ ಪಟ್ಟಿಯಿಂದ. ಲಡಾಯಿ ಹತ್ತಿದ ಮೇಲೆ ಲಾರಿಯ ಸಾಮಾನು ಬರುವುದೇ ನಿಂತಿದೆ, ಪೆಟ್ರೋಲು ಸಿಗದೆ ಇದ್ದಿಲ ಒಲೆ ಹೊತ್ತುಕೊಂಡು ಅದರ ಗ್ಯಾಸಿನಿಂದ ಓಡುವ ಲಾರಿ ಇದು, ಇದಕ್ಕೆ ಸಿಕಂದರಾಬಾದಿನಿಂದ ಹಿತ್ತಾಳೆ ತಂತಿ ಸೇರಿಸಿ ನೇಯ್ದ ಬ್ರೇಕಿನ ಪಟ್ಟಿ ಬಂದದ್ದೇ ದೊಡ್ಡದು, ಬಂದದ್ದಾದರೂ ಎರಡು ಗಾಲಿಗೆ ಸಾಲುವಷ್ಟು. ಉಳಿದ ಎರಡು ಗಾಲಿಗೆ ನೀನ ಏನಾರ ನೋಡ್ಕೊ ಗದ್ದೆಪ್ಪ ಅಂದರು ಸಾಹುಕಾರರು. ನೋಡಿಕೊಂಡೆ. ಅವರದೇ ಹತ್ತಿ ಗಿರಣಿಯಲ್ಲಿ ಹರಿದು ಬಿದ್ದಿದ್ದ ಬೆಲ್ಟು ಕತ್ತರಿಸಿದೆ, ರಬ್ಬರು ಮೆತ್ತಿದ ದಪ್ಪ ಬಟ್ಟೆ, ಗಾಲಿಯೊಳಗಿನ ಕಬ್ಬಿಣದ ಬಿಲ್ಲಿನ ಅಳತೆಗೆ ಸರಿಯಾಗಿ ಕೊಯ್ದೆ, ಒಂದೊಂದು ಗಾಲಿಯೊಳಗೂ ಅಂಥ ಎರಡು ಬಿಲ್ಲು, ಬ್ರೇಕು ಒತ್ತಿದರೆ ಅವು ಅಗಲಾಗಿ ಡ್ರಮ್ಮಿಗೆ ತಿಕ್ಕಬೇಕು, ಹಿಡಿಯುವುದು ಬಿಲ್ಲಲ್ಲ, ಬಿಲ್ಲಿನ ಮೈಗೆ ಬಡಿದ ಪಟ್ಟಿ. ತಾಮ್ರದ ಮೊಳೆಯ ತಲೆಯನ್ನು ಪಟ್ಟಿಯೊಳಗೆ ಜೋಳದ ಕಾಳಿನಷ್ಟು ಆಳಕ್ಕೆ ಇಳಿಸಿದೆ, ಡ್ರಮ್ಮು ಗೀರಬಾರದು ಎಂದು, ಒಂದೂ ಮೊಳೆ ಬಾಗಲಿಲ್ಲ, ಅಂಥ ಚಂದದ ಕೆಲಸ ಉಸ್ಮಾನ್‌ಸಾಬ್ ಕೂಡ ಮಾಡಿರಲಿಕ್ಕಿಲ್ಲ. ಉಸ್ಮಾನ್‌ಸಾಬ್ ನನಗೆ ಲಾರಿಯ ಕೆಲಸ ಕಲಿಸಿದ ಮಿಸ್ತ್ರಿ, ದಂಡಿನವರ ಲಾರಿ ರಿಪೇರಿಗೆ ಕರೆ ಬಂತೆಂದು ಹೋದ ವರ್ಷ ಹೊರಟುಹೋದ, ಹೋಗುವ ದಿನ ಟ್ರಂಕಿನ ಮೇಲೆ ಕೂತು ನನಗೆ ಒಂದೊಂದೇ ಹೇಳಿದ, ಇಂಜಿನ್ನಿನದು, ಗೇರಿನದು, ಕೊನೆಗೆ ಬ್ರೇಕಿನದು — ಒಂದು ಅಚ್ಚಿನ ಎರಡೂ ಗಾಲಿಗೆ ಒಂದ ನಮೂನಿ ಪಟ್ಟಿ ಹಾಕು ಗದ್ದೆಪ್ಪ, ಮುಂದಿನವೆರಡಕ್ಕ ಒಂದು, ಹಿಂದಿನವೆರಡಕ್ಕ ಒಂದು, ಬ್ಯಾರೆ ಬ್ಯಾರೆ ಹಾಕಿದ್ರ ಗಾಡಿ ಒಂದು ಕಡಿ ಎಳೀತೈತಿ. ಹೂಂ ಅಂದೆ. ಟ್ರಂಕಿನ ಹೊಸ ಬೀಗ ನೋಡುತ್ತಾ ಹೂಂ ಅಂದೆ. ಕೇಳಿಸಿಕೊಂಡದ್ದು ನಿಜ, ಈಗ ನೋಡು ಅಕ್ಷರ ಬಿಡದೆ ನೆನಪಾಗುತ್ತಿದೆ, ಹೋದ ವಾರ ಶೆಡ್ಡಿನಲ್ಲಿ ಪಟ್ಟಿ ಹಾಕುವಾಗ ಯಾಕೆ ನೆನಪಾಗಲಿಲ್ಲ, ಅಂದು ಎಲ್ಲಿ ಹಾಳಾಗಿ ಹೋಗಿತ್ತು ಈ ಮಾತು.

ಶೆಡ್ಡಿನಲ್ಲಿ ನೆನಪಾದವನು ಅಪ್ಪ. ಅಪ್ಪ ಸುತ್ತಲಿನ ಊರಿಗೆಲ್ಲ ಬಂಡಿಯ ಗಾಲಿ ಮಾಡಿಕೊಟ್ಟವನು, ನಾನೂ ಮೂವತ್ತು ವರ್ಷ ಅದನ್ನೇ ಮಾಡಿದವನು, ಅರ, ಗುಂಬ, ಅಚ್ಚು, ಕೈಯೆಲ್ಲ ಜಾಲಿಯ ಕಟ್ಟಿಗೆಯ ವಾಸನೆ. ಬಂಡಿಗೆ ಒಂದೇ ಹೊಸ ಗಾಲಿ ಹಾಕಿಸುವ ಶಕ್ತಿ ಇದ್ದವನಿಗೆ ಅಪ್ಪ ಹೊಸದನ್ನು ಎಡಕ್ಕೇ ಹಾಕುತ್ತಿದ್ದ, ಹಳೆಯದರಲ್ಲಿ ಗಟ್ಟಿಯದನ್ನು ಬಲಕ್ಕೆ, ಯಾಕೆಂದರೆ ಬಂಡಿ ಹೋಗುವುದು ಎಡದ ಅಂಚು ಹಿಡಿದು, ತಗ್ಗು ಕಲ್ಲು ಗುಂಡಿ ಎಲ್ಲ ಎಡಗಾಲಿಯ ಪಾಲು, ಪಾಮನಕಲ್ಲೂರಿನಿಂದ ಮುದಗಲ್ಲಿನವರೆಗೆ ಯಾವ ಬಂಡಿ ಬೇಕಾದರೂ ಬಗ್ಗಿ ನೋಡಿ, ಎಡಗಾಲಿ ಹೊಸದು, ಬಲಗಾಲಿ ಹಳೆಯದು, ಯಾರಿಗೂ ಹೇಳಿಕೊಡಬೇಕಾಗಿಯೇ ಇಲ್ಲ. ಹೋದ ವಾರ ನನ್ನ ಮುಂದೆ ಒಂದು ಕಡೆ ಹಿತ್ತಾಳೆ ಮಿಂಚುವ ಹೊಸ ಪಟ್ಟಿ, ಒಂದು ಕಡೆ ಗಿರಣಿಯ ಹಳೆ ಬೆಲ್ಟು. ಕೈ ತಾನೇ ಹೊಸದನ್ನು ಎತ್ತಿಕೊಂಡು ಎಡಕ್ಕೆ ಹೋಯಿತು. ಮುಂದಿನ ಎಡಗಾಲಿಗೆ ಹೊಸದು, ಹಿಂದಿನ ಎಡಗಾಲಿಗೆ ಹೊಸದು, ಬಲಕ್ಕೆ ಎರಡೂ ಬೆಲ್ಟು. ಅರೆಗಳಿಗೆ ಯೋಚಿಸಲಿಲ್ಲ. ಆಮೇಲೆ ಕುಂಕುಮ ಹಚ್ಚಿದೆ. ಥೂ ನಿನ್ನ. ಮೂವತ್ತು ವರ್ಷದ ಕೈಗೆ ಒಂದು ವರ್ಷದ ಕಿವಿ ಯಾವ ಲೆಕ್ಕ.

ಹಾಕಿದೆನೇ, ನಿಜವಾಗಿ ಹಾಗೇ ಹಾಕಿದೆನೇ. ನಾನು ಲಾರಿಯ ಕೆಳಗೆ ಅಂಗಾತ ಮಲಗಿದ್ದೆ, ತಲೆ ಇಂಜಿನ್ನಿನ ಕಡೆ ಇತ್ತೋ ಕಾಲು ಇಂಜಿನ್ನಿನ ಕಡೆ ಇತ್ತೋ, ತಲೆ ಆ ಕಡೆ ಇದ್ದರೆ ನನ್ನ ಎಡ ಲಾರಿಯ ಬಲ, ಅಲ್ಲ, ಬೋರಲು ಮಲಗಿದರೆ ಒಂದು, ಅಂಗಾತ ಮಲಗಿದರೆ ಒಂದು, ಈಗ ಸೀಟಿನ ಮೇಲೆ ಕೂತು ಕಣ್ಣು ಮುಚ್ಚಿ ಮಲಗಿ ನೋಡುತ್ತೇನೆ, ಕೈ ಚಾಚುತ್ತೇನೆ, ಮುಂದಿನ ಗಾಲಿ ಮುಗಿಸಿ ತಿರುಗಿ ಮಲಗಿದೆನಲ್ಲ ಹಿಂದಿನದಕ್ಕೆ, ಹಾಗಾದರೆ ಮುಂದೆ ಎಡಕ್ಕೆ ಹೊಸದು, ಹಿಂದೆ ಬಲಕ್ಕೆ ಹೊಸದು ಆಗಿರಬಹುದು, ಆಗ ಒಂದಕ್ಕೊಂದು ಸಮ ಆಗಿ ಲಾರಿ ನೆಟ್ಟಗೆ ಹೋಗಬೇಕು, ಆದರೆ ಹೋಗುತ್ತಿಲ್ಲ, ಕಾಲು ಇಳಿದರೆ ಮೂತಿ ಎಡಕ್ಕೆ. ಏನು ಮಾಡ್ತಿಯೋ ಗದ್ದೆಪ್ಪಣ್ಣ, ನಿದ್ದಿ ಬಂತೇನು ಅಂತಾನೆ ರಾಜೇಸಾಬ. ಇಲ್ಲ ಅನ್ನುತ್ತೇನೆ. ಕಣ್ಣಾಗ ಹೊಗಿ ಹೋಗೈತಿ ಅನ್ನುತ್ತೇನೆ. ಇದ್ದಿಲ ಹೊಗೆ ಇದೆಯಲ್ಲ, ಸುಳ್ಳಿಗೆ ಬಹಳ ಅನುಕೂಲ. ಈ ಹೊಗೆಗೇ ಗಾಳೆಮ್ಮ ಮುಂದೆ ಕೂರಲಾರೆ, ವಾಂತಿ ಬರುತ್ತದೆ ಅಂತ ಹಿಂದೆ ಹೋಗಿ ಅಂಡಿಗೆಯ ಮೇಲೆ ಕೂತದ್ದು, ಇಲ್ಲದಿದ್ದರೆ ಇಲ್ಲಿ ನನ್ನ ಪಕ್ಕದಲ್ಲಿ ಇರುತ್ತಿದ್ದಳು. ಇಲ್ಲಿದ್ದರೆ ಏನಾಗುತ್ತಿತ್ತು, ನನಗೆ ಬೇಗ ಬಾಯಿ ಬರುತ್ತಿತ್ತೋ ಇನ್ನೂ ಒಣಗುತ್ತಿತ್ತೋ.

ಆಗಲೇ, ಸಿಂಧನೂರು ದಾಟಿ ಬಾವಿಯ ಹತ್ತಿರ ನಿಂತಾಗ, ಹೇಳಬೇಕಿತ್ತು. ಇದ್ದಿಲು ತುಂಬಲು ನಿಲ್ಲಿಸಿದ್ದೆವು, ರಾಜೇಸಾಬ ಒಲೆ ಕೆದಕುತ್ತಿದ್ದ, ನಾನು ಸುಮ್ಮನೆ ಸುತ್ತು ಬಂದವನ ಹಾಗೆ ಗಾಲಿಗಳ ಮೇಲೆ ಅಂಗೈ ಇಟ್ಟು ನೋಡಿದೆ. ಎಡದ ಮುಂಗಾಲಿ ಸುಡುತ್ತಿತ್ತು, ಕೈ ಕಿತ್ತುಕೊಂಡೆ. ಎಡದ ಹಿಂಗಾಲಿಯೂ ಹಾಗೇ. ಬಲದವು ಬರೀ ಬೆಚ್ಚಗಿದ್ದವು, ಆದರೆ ರಬ್ಬರು ಕಮರಿದ ವಾಸನೆ. ಬಂಡಿಯಲ್ಲಾದರೆ ಗಾಲಿಯ ನಡುವಿನ ಗುಂಬ ಬಿಸಿಯಾಯಿತೆಂದರೆ ಕೀಲೆಣ್ಣೆ ಒಣಗಿದೆ ಅಂತ, ಬಿಸಿಯಾದ ಗಾಲಿಗೆ ಜಡ್ಡು, ತಣ್ಣಗಿರುವ ಗಾಲಿ ನೆಟ್ಟಗಿದೆ. ಹಾಗಾದರೆ ಎಡಕ್ಕೇನೋ ಆಗಿದೆ, ಬಲ ಚೆನ್ನಾಗಿದೆ — ಅಂದುಕೊಂಡು ಅಲ್ಲೇ ನಿಂತೆ, ಎಷ್ಟು ಹೊತ್ತು ನಿಂತೆನೋ — ಅಲ್ಲ ಮಾರಾಯ, ಇದು ತಿರುಗಾಮುರುಗಾ, ಲಾರಿಯಲ್ಲಿ ಹಿಡಿಯುವ ಗಾಲಿಯೇ ಬಿಸಿಯಾಗುವುದು, ತಿಕ್ಕಿದರೆ ತಾನೇ ಬಿಸಿ, ಬಲದವು ಬರೀ ಬೆಚ್ಚಗಿವೆ ಅಂದರೆ ಹಿಡಿಯುತ್ತಲೇ ಇಲ್ಲ, ಬೆಲ್ಟಿನ ರಬ್ಬರು ಕಾದು ಮೇಣದ ಹಾಗೆ ನುಣುಪಾಗಿ ಜಾರುತ್ತಿದೆ, ಶೆಡ್ಡಿನ ಅಂಗಳದಲ್ಲಿ ಎರಡು ಸುತ್ತು ಹೊಡೆದಾಗ ತಣ್ಣಗಿತ್ತು, ಹಿಡಿದಿತ್ತು, ನನಗೆ ಹೆಮ್ಮೆಯಾಗಿತ್ತು. ಬೆಲ್ಟು ಕಾದಷ್ಟೂ ಬಲಗಡೆ ಹಿಡಿತ ಬಿಡುತ್ತದೆ, ಬಿಟ್ಟಷ್ಟೂ ಎಡ ಎಳೆಯುತ್ತದೆ. ಇದಕ್ಕೆ ಮದ್ದೂ ನನಗೆ ಗೊತ್ತಿತ್ತು, ಸೀಟಿನ ಕೆಳಗಿನ ನಟ್ಟು ತಿರುವುವ ಪಾನಾ ತಗೊಂಡು ಎಡಗಡೆಯ ಎರಡೂ ಗಾಲಿಯ ಬ್ರೇಕು ಎಳೆಯುವ ಸಲಾಕೆ ಒಂದಿಷ್ಟು ಸಡಿಲು ಮಾಡಿದರೆ ಎರಡೂ ಕಡೆ ಸಮ, ಹಿಡಿತ ಕಡಿಮೆಯಾಗುತ್ತದೆ, ಆಗಲಿ, ನೆಟ್ಟಗಾದರೂ ಹೋಗುತ್ತದೆ, ಮೆಲ್ಲಗೆ ಹೋದರಾಯಿತು. ಒಂದು ಎಲೆ ಅಡಿಕೆ ಹಾಕಿಕೊಳ್ಳುವಷ್ಟು ಹೊತ್ತಿನ ಕೆಲಸ. ಪಾನಾ ತೆಗೆದೆ ಕೂಡ. ಆಗ ಗಾಳೆಮ್ಮ ಮೇಲಿನಿಂದ ಬಗ್ಗಿ ನೀರಿನ ತಂಬಿಗೆ ಇಸಿದುಕೊಳ್ಳುತ್ತಾ, ಅಪ್ಪಾ, ಬಂಡಿಕಿಂತ ಇದ ಚಲೋ ಐತಿ ನೋಡು, ಹೊಟ್ಟಿ ಒಂಚೂರೂ ಅಲುಗಾಡಂಗಿಲ್ಲ ಅಂದಳು, ಅವಳ ಅವ್ವನಿಗೆ ಕೇಳಲಿ ಎಂದೇ ಜೋರಾಗಿ ಅಂದಳು, ಶೇಖರಮ್ಮ ಸೆರಗಿನಿಂದ ಮುಖ ಒರೆಸಿಕೊಂಡಳು, ಸೋತವರ ಹಾಗೆ, ನಾನು ಗೆದ್ದವನ ಹಾಗೆ ನಕ್ಕೆ. ನಕ್ಕು ಪಾನಾ ವಾಪಸು ಇಟ್ಟೆ. ಹೇಗೆ ತೆಗೆಯಲಿ ಮತ್ತೆ, ಈಗಷ್ಟೇ ಚಲೋ ಐತಿ ಅಂದ ಮಗಳ ಮುಂದೆ ಗಾಲಿಗೆ ಪಾನಾ ಹಚ್ಚಿದರೆ ಯಾಕ್ರೀ ಏನಾತು ಅನ್ನುತ್ತಾಳೆ ಶೇಖರಮ್ಮ. ಅದೇ ಹೊತ್ತಿಗೆ ರಾಜೇಸಾಬನೂ, ಗಾಡಿ ಎಡಕ್ಕ ಎಳಿಯಾಕತ್ತೈತಿ, ಗಾಲ್ಯಾಗ ಗಾಳಿ ಕಡಿಮಿ ಐತೇನು ನೋಡು ಅಂತ ಕೇಳಿದ, ಕೇಳಿದನಲ್ಲ ಬಾಯಿಬಿಟ್ಟು, ದೇವರು ಕೊಟ್ಟ ಹಾಗೆ ಕೇಳಿದ, ನಾನು ಟೈರಿಗೆ ಕಾಲಿನಿಂದ ಎರಡು ಒದ್ದು, ಗಾಳಿ ಐತಿ, ರಸ್ತೆ ಆ ಕಡಿ ವಾಲೈತಿ ಅಂದೆ. ಅವನು ನಂಬಿದ. ಮಿಸ್ತ್ರಿ ಹೇಳಿದ ಮೇಲೆ ಮುಗಿಯಿತು.

ಅವನು ನಂಬಿದ್ದೇ ನನಗೆ ಸಂಕಟ. ಬೈದಿದ್ದರೆ ಚೆನ್ನಾಗಿತ್ತು. ಸಾಹುಕಾರರ ಗುಮಾಸ್ತ ನನ್ನನ್ನು ಬಂಡಿ ಬಡಿಗ ಅಂತಾನೆ, ಲಾರಿಯ ಕೆಲಸ ಇವನ ಕೈಲಿ ಆಗುವುದಿಲ್ಲ, ರಾಯಚೂರಿನಿಂದ ಬೇರೆಯವನನ್ನು ಕರೆಸಿ ಅಂತ ಎರಡು ಸಲ ಹೇಳಿದ್ದಾನೆ, ಆಗ ನಡುವೆ ಬಂದವನು ರಾಜೇಸಾಬನೇ, ಓಡಿಸಾಂವ ನಾನು, ನನಗ ಗದ್ದೆಪ್ಪಣ್ಣನ ಕೈ ಮ್ಯಾಲ ಭರೋಸಾ ಐತಿ ಅಂದವನು. ಈಗ ಅವನಿಗೆ ಹೇಗೆ ಹೇಳಲಿ, ನೀನು ಭರವಸೆ ಇಟ್ಟ ಕೈ ಇಂಥ ಕೆಲಸ ಮಾಡಿದೆ ಅಂತ. ಹೇಳಲೇಬೇಕು. ಮುಂದಿನ ಮೈಲಿಗಲ್ಲು ಬರಲಿ, ಹೇಳುತ್ತೇನೆ. ಬಂತು, ಹೋಯಿತು, ಎತ್ತಿನ ಬಂಡಿಯೊಂದು ಅಡ್ಡ ಬಂತು, ಅವನು ಒತ್ತಿದ, ಕಾಲು ಇಳಿಯಿತು, ಮೂತಿ ಎಡಕ್ಕೆ, ಈ ಸಲ ಒಂದು ಮೊಳ ಸರಿಯಿತು, ಬಂಡಿಯವನು ಬೈದ, ರಾಜೇಸಾಬ ಸ್ಟೇರಿಂಗನ್ನು ಬಲಕ್ಕೆ ಎಳೆದು ಹಿಡಿದ, ತೋಳಿನ ನರ ಎದ್ದು ಕಂಡವು. ನಾನು ಸೀಟಿನ ಅಂಚು ಹಿಡಿದುಕೊಂಡೆ. ಹೆದರಿಕೆ, ಇನ್ನೇನು, ಬೇರೆ ಹೆಸರು ಯಾಕೆ, ಹೆದರಿಕೆಯೇ. ಮಸ್ಕಿಯ ಗುಡ್ಡ ಕಾಣುತ್ತಿದೆ, ಬಿಸಿಲಿಗೆ ಬೆಳ್ಳಗಾಗಿದೆ, ಗುಡ್ಡಕ್ಕಿಂತ ಮೊದಲು ಹಳ್ಳದ ಇಳುಕಲು, ರಸ್ತೆ ಬಲಕ್ಕೆ ಹೊರಳಿಕೊಂಡು ಕೆಳಗೆ ಹೋಗುತ್ತದೆ, ಎಡಕ್ಕೆ ಕಟ್ಟೆಯಿಲ್ಲ, ಕೆಳಗೆಲ್ಲ ಬಂಡೆಗಲ್ಲು. ಬರುವಾಗ ಲಾರಿ ಖಾಲಿ ಇತ್ತು, ಈ ದಡ ಆಗ ಏರಾಗಿತ್ತು, ಬ್ರೇಕು ಒತ್ತುವ ಮಾತೇ ಇರಲಿಲ್ಲ, ಈಗ ಮೂವತ್ತು ಅಂಡಿಗೆ ಹತ್ತಿ, ಅದರ ಮೇಲೆ ಇಬ್ಬರು, ಇಬ್ಬರಲ್ಲ, ಹೊಟ್ಟೆಯೊಳಗಿನದೂ ಸೇರಿ ಮೂವರು. ಇಳುಕಲು ಇನ್ನೂ ದೂರ ಇದೆ, ಎರಡು ಮೈಲಿಗಲ್ಲು ಇದೆ, ಜಾಲಿಯ ಸಾಲು ಮುಗಿದ ಮೇಲೆ ಒಂದು ಹೊಲ, ಆಮೇಲೆ ಹಾಳು ಗುಡಿ, ಆಮೇಲೆ ಇಳುಕಲು. ಗುಡಿಯ ಹತ್ತಿರ ನಿಲ್ಲಿಸು ಅನ್ನುತ್ತೇನೆ, ನಮಸ್ಕಾರ ಮಾಡಬೇಕು ಅನ್ನುತ್ತೇನೆ, ಇಳಿದು, ಶೇಖರಮ್ಮನೂ ಗಾಳೆಮ್ಮನೂ ಗುಡಿಯೊಳಗೆ ಹೋದಾಗ ಪಾನಾ ತೆಗೆದು ಸಲಾಕೆ ಸಡಿಲಿಸಿಬಿಡುತ್ತೇನೆ, ಯಾರಿಗೂ ಹೇಳುವುದೇ ಬೇಡ, ಮರ್ಯಾದೆಯೂ ಉಳಿಯಿತು, ಜೀವವೂ ಉಳಿಯಿತು. ಎಷ್ಟು ಸುಲಭ, ಇಷ್ಟು ಹೊತ್ತು ಯಾಕೆ ಹೊಳೆಯಲಿಲ್ಲ, ಸಮಾಧಾನದಿಂದ ಬೆನ್ನು ಒರಗಿಸುತ್ತೇನೆ, ಜಾಲಿಯ ಸಾಲು ಮುಗಿಯುತ್ತದೆ, ಹೊಲ ಬರುತ್ತದೆ, ಗುಡಿ —

ಗುಡಿ ಎಲ್ಲಿ. ಗುಡಿ ಇಲ್ಲ. ಗುಡಿ ಹಳ್ಳದ ಆಚೆ ದಡದಲ್ಲಿದೆ, ಬರುವಾಗ ಮೊದಲು ಗುಡಿ ನೋಡಿ ಆಮೇಲೆ ಹಳ್ಳಕ್ಕೆ ಇಳಿದಿದ್ದೆವು, ಹೋಗುವಾಗ ಮೊದಲು ಹಳ್ಳ ಆಮೇಲೆ ಗುಡಿ, ಎಂಥ ಮನುಷ್ಯ ನಾನು, ಎಡ ಬಲ ಗೊತ್ತಿಲ್ಲ, ಹಿಂದೆ ಮುಂದೆ ಗೊತ್ತಿಲ್ಲ, ರಸ್ತೆ ಆಗಲೇ ಬಾಗುತ್ತಿದೆ, ಬಾನೆಟ್ಟಿನ ಮುಂದೆ ಮಣ್ಣಿಲ್ಲ, ಆಕಾಶ ಇದೆ, ನಿಲ್ಸು ರಾಜೇಸಾಬ್ ಅನ್ನುತ್ತೇನೆ, ಮತ್ತೆ ಅನ್ನುತ್ತೇನೆ, ಏನು ಅನ್ನುತ್ತಾನೆ, ಅಷ್ಟರಲ್ಲಿ ಲಾರಿ ಮೂತಿ ಕೆಳಗೆ ಹಾಕಿತು, ಅಂಡಿಗೆಗಳು ಹಿಂದಿನಿಂದ ನೂಕುತ್ತಿವೆ. ಹೇಳಿಬಿಟ್ಟೆ. ಎಡಕ್ಕ ಅಷ್ಟ ಹೊಸ ಪಟ್ಟಿ ಹಾಕೀನಿ, ಬಲಕ್ಕ ಬೆಲ್ಟು, ಬಲದ್ದು ಹಿಡಿಯಂಗಿಲ್ಲ, ಒತ್ತಿದ್ರ ಎಡಕ್ಕ ಹೋಗ್ತೈತಿ, ನನ್ನ ತಪ್ಪು ರಾಜೇಸಾಬ್, ಬಾವಿ ಹತ್ರಾನ ಗೊತ್ತಿತ್ತು ನನಗ. ಅವನು ನನ್ನ ಕಡೆ ತಿರುಗಲಿಲ್ಲ. ಬೀಡಿ ಬಾಯಿಂದ ಬಿತ್ತು. ಗೇರಿನ ಕೋಲು ಹಿಡಿದು ಕೆಳಗಿನ ಗೇರಿಗೆ ಎಳೆದ, ಗೇರಿನ ಹಲ್ಲು ಕಡಿದ ಸದ್ದು, ಗೇರು ಬೀಳಲಿಲ್ಲ, ಮತ್ತೆ ಎಳೆದ, ಬೀಳಲಿಲ್ಲ, ಹ್ಯಾಂಡ್‌ಬ್ರೇಕು, ಅದೂ ಅದೇ ಹಿಂಗಾಲಿಗಳಿಗೆ, ಅದೇ ಪಟ್ಟಿ, ಅವನಿಗೂ ಹೊಳೆಯಿತು, ಕೈ ಅರ್ಧಕ್ಕೆ ಹೋಗಿ ವಾಪಸು ಬಂತು. ಎರಡೂ ಕೈ ಸ್ಟೇರಿಂಗಿನ ಮೇಲೆ. ಕಾಲು ಬ್ರೇಕಿನ ಮೇಲೆ ಹೋಯಿತು, ಹೋಗಿ ನಿಂತಿತು, ಮುಟ್ಟಲಿಲ್ಲ.

ಹಿಂದೆ ಗಾಳೆಮ್ಮ ಜೋರು ಹೋಗುವುದೆಂದು ಖುಷಿಯಿಂದ ಏನೋ ಕೂಗುತ್ತಿದ್ದಾಳೆ, ಅವಳಿಗೆ ಗೊತ್ತಿಲ್ಲ, ಶೇಖರಮ್ಮ ಹಿಡಕೋ ಹಿಡಕೋ ಅನ್ನುತ್ತಿದ್ದಾಳೆ, ಅವಳಿಗೆ ಗೊತ್ತಾಗಿದೆಯೇನೋ, ಗಾಳಿ ಕಿವಿಗೆ ಬಡಿಯುತ್ತಿದೆ, ಎಡಕ್ಕೆ ಕಲ್ಲುಗಳು ಕಾಣತೊಡಗಿದವು, ಒಂದೊಂದೂ ಮನೆಯಷ್ಟು, ಮುಂದೆ ಹಳ್ಳದ ಉಸುಕು, ಉಸುಕಿನಲ್ಲಿ ಬಟ್ಟೆ ಒಗೆಯುವ ಹೆಂಗಸರು, ಒತ್ತಿದರೆ ಎಡಕ್ಕೆ ಬಂಡೆಗೆ, ಒತ್ತದಿದ್ದರೆ ನೇರ ಆ ಹೆಂಗಸರ ಮೇಲೆ, ಮೆಲ್ಲಗೆ ಒತ್ತಿದರೆ, ಒತ್ತಿ ಬಿಟ್ಟು ಒತ್ತಿ ಬಿಟ್ಟು ಮಾಡಿದರೆ, ಎಡದ್ದು ಸುಟ್ಟು ಬಲದಷ್ಟೇ ಜಾರಿದರೆ, ಆದರೆ ಹಿಂದಿನದು ನಾನು ನಿಜವಾಗಿ ಯಾವ ಕಡೆ ಹಾಕಿದೆ, ಎಡಕ್ಕೇ, ಬಿಸಿ ಇತ್ತಲ್ಲ, ಬಿಸಿ ಇದ್ದದ್ದು ಎಡವೇ ಅಲ್ಲವೇ, ನಾನು ಆಗ ಲಾರಿಗೆ ಮುಖ ಮಾಡಿ ನಿಂತಿದ್ದೆನೋ ಬೆನ್ನು ಮಾಡಿ ನಿಂತಿದ್ದೆನೋ, ಉಸ್ಮಾನ್‌ಸಾಬ್ ಇನ್ನೂ ಏನೋ ಹೇಳಿದ್ದ, ಇಳುಕಲಿನಲ್ಲಿ ಹೀಗಾದರೆ ಏನು ಮಾಡಬೇಕೆಂದೂ ಹೇಳಿದ್ದ, ಹೇಳಿದ್ದು ಗೊತ್ತು, ಬೀಗ ಕಾಣುತ್ತದೆ, ಮಾತು ಕೇಳುವುದಿಲ್ಲ.

ಒತ್ತಲೋ ಬ್ಯಾಡೋ ಅಂತ ಕೇಳುತ್ತಿದ್ದಾನೆ ರಾಜೇಸಾಬ, ಕೂಗುತ್ತಿಲ್ಲ, ಮೆತ್ತಗೆ ಕೇಳುತ್ತಿದ್ದಾನೆ, ಬ್ರೇಕು ಮಾಡಿದಾಂವ ನೀನು, ನೀ ಹೆಂಗ ಅಂತಿ ಹಂಗ, ಲಗೂನ ಹೇಳು. ಇನ್ನೂ ನನ್ನನ್ನೇ ಕೇಳುತ್ತಿದ್ದಾನೆ. ಇಷ್ಟಾದ ಮೇಲೂ. ನಾನು ಬಾಯಿ ತೆರೆದಿದ್ದೇನೆ, ಒತ್ತು ಅನ್ನಬೇಕು, ಬೇಡ ಅನ್ನಬೇಕು, ಎರಡರಲ್ಲಿ ಒಂದು, ಚಿಕ್ಕ ಮಾತು, ಬರುವುದಿಲ್ಲ, ಕಣ್ಣು ಅಲ್ಲಿಂದ ಕೀಳಲು ಆಗುವುದಿಲ್ಲ, ಬಿರುಕು ಬಿಟ್ಟ ಹಿಮ್ಮಡಿ, ಹೆಬ್ಬೆರಳು ಮೇಲೆತ್ತಿದೆ, ಕಬ್ಬಿಣಕ್ಕೂ ಕಾಲಿಗೂ ನಡುವೆ ಎರಡು ಬೆರಳು ಜಾಗ, ನನ್ನ ಮಾತಿಗೆ ಕಾದು ನಿಂತ ಕಾಲು, ಇಳಿಯುವುದಿಲ್ಲ, ಏರುವುದಿಲ್ಲ, ಆ ಕಾಲು, ಬರಿಗಾಲು